ಡ್ರಮ್ ಮಷಿನ್ ನಾದ ಕೆಟ್ಟಾಗ ದೋಷ ಹುಡುಕುವುದು ಹೇಗೆ?

ಡ್ರಮ್ ಮಷಿನ್ ಬಳಸುವವರಿಂದ ಪದೇ ಪದೇ ಕೇಳಿಬರುವ ದೂರು ಒಂದೇ. ಯಂತ್ರದೊಳಗಿನ ಡ್ರಮ್ ನಾದ ರಟ್ಟಿನ ಪೆಟ್ಟಿಗೆ ಬಡಿದಂತೆ ಕೇಳುತ್ತದೆ, ಸಿಂಬಲ್‌ನಲ್ಲಿ ಮಿಂಚಿಲ್ಲ, ಕಿಕ್ ಡ್ರಮ್‌ನಲ್ಲಿ ಕಸುವಿಲ್ಲ ಎಂಬುದು. ಇಂತಹ ಸಂದರ್ಭದಲ್ಲಿ ಬಹಳಷ್ಟು ಮಂದಿ ಯಂತ್ರವನ್ನು ಬಂದಷ್ಟಕ್ಕೆ ಮಾರಿಬಿಡುತ್ತಾರೆ ಅಥವಾ ಚಿಪ್ ಬದಲಿಸುವಂತೆ ರಿಪೇರಿಯವರ ಕೈಗೆ ಒಪ್ಪಿಸುತ್ತಾರೆ. ಎರಡೂ ದುಬಾರಿ, ಹೆಚ್ಚಿನ ಸಂದರ್ಭಗಳಲ್ಲಿ ಅನಗತ್ಯ.

ಇದಕ್ಕೆ ಕಾರಣವಿದೆ. ಯಂತ್ರದಲ್ಲಿ ಅಡಕವಾಗಿರುವ ಸ್ಯಾಂಪಲ್‌ಗಳು, ಅಂದರೆ ನಿಜವಾದ ಡ್ರಮ್ ಬಾರಿಸಿ ಧ್ವನಿಮುದ್ರಿಸಿದ ತುಣುಕುಗಳು, ರಾಮ್ ಅಲ್ಲದ ರೋಮ್ ಚಿಪ್‌ನಲ್ಲಿ ಅಂಕಿಗಳ ರೂಪದಲ್ಲಿ ಇರುತ್ತವೆ. ಕ್ಯಾಸೆಟ್ ಟೇಪಿನಂತೆ ಅವು ಬಳಸಿದಷ್ಟೂ ಸವೆಯುವುದಿಲ್ಲ. ಆದ್ದರಿಂದ ನಿನ್ನೆಯವರೆಗೆ ಚೆನ್ನಾಗಿದ್ದ ನಾದ ಇಂದು ಮಂಕಾಗಿದ್ದರೆ ದೋಷವನ್ನು ಚಿಪ್‌ನ ಆಚೆಗೇ ಹುಡುಕಬೇಕು. 1980ರ ದಶಕದ ಕೆಲವು ಯಂತ್ರಗಳಲ್ಲಿ ಅಳಿಸಿ ಮತ್ತೆ ಬರೆಯಬಹುದಾದ ಇಪ್ರಾಮ್ ಚಿಪ್‌ಗಳಿದ್ದು, ಅವು ದಶಕಗಳ ನಂತರ ಕೆಡುವುದುಂಟು. ಆದರೆ ಹಾಗೆ ಕೆಟ್ಟಾಗ ನಾದ ಮೆಲ್ಲಗೆ ಮಂಕಾಗುವುದಿಲ್ಲ. ಆ ಚಿಪ್‌ಗೆ ಸೇರಿದ ನಾದದಲ್ಲಿ ಚಟಪಟ ಸದ್ದೋ ಕರ್ಕಶ ಗದ್ದಲವೋ ಕೇಳಿಸುತ್ತದೆ.

ಮೊದಲ ಪರೀಕ್ಷೆ ಹೆಡ್‌ಫೋನ್

ಎಲ್ಲ ಕೇಬಲ್‌ಗಳನ್ನೂ ತೆಗೆದು, ಉತ್ತಮ ಹೆಡ್‌ಫೋನ್ ಒಂದನ್ನು ನೇರವಾಗಿ ಯಂತ್ರಕ್ಕೆ ಸಿಕ್ಕಿಸಬೇಕು. ವಾಲ್ಯೂಮ್ ಮುಕ್ಕಾಲು ಭಾಗದಲ್ಲಿರಲಿ. ಕಿಕ್, ಸ್ನೇರ್, ಸಿಂಬಲ್‌ಗಳನ್ನು ಒಂದೊಂದಾಗಿ ಬಾರಿಸಿ ಕೇಳಬೇಕು. ಇಲ್ಲಿ ನಾದ ಸ್ವಚ್ಛವಾಗಿದ್ದರೆ ಯಂತ್ರ ನಿರ್ದೋಷಿ. ತಪ್ಪು ಕೇಬಲ್, ಮಿಕ್ಸರ್ ಅಥವಾ ಸ್ಪೀಕರ್‌ನದು.

ವೇದಿಕೆಯಲ್ಲಿ ಆಗುವ ತಪ್ಪುಗಳಲ್ಲಿ ದೊಡ್ಡದು ಮಿಕ್ಸರ್‌ನ ಮೈಕ್ ಪ್ರವೇಶಕ್ಕೆ ಡ್ರಮ್ ಮಷಿನ್ ಜೋಡಿಸುವುದು. ಮೈಕ್‌ನಿಂದ ಬರುವ ಸಂಕೇತ ತೀರಾ ಕ್ಷೀಣ; ಅದನ್ನು ಹಿಗ್ಗಿಸಲೆಂದೇ ಇರುವ ಆ ದಾರಿಗೆ ಯಂತ್ರದ ಬಲವಾದ ಸಂಕೇತ ನುಗ್ಗಿದರೆ ಪ್ರತಿ ಪೆಟ್ಟಿನ ತುದಿಯೂ ಕತ್ತರಿಸಿ ನಾದ ಒಡೆಯುತ್ತದೆ. ಲೈನ್ ಎಂದು ನಮೂದಿಸಿದ ಪ್ರವೇಶವನ್ನೇ ಬಳಸಬೇಕು. ಮಿಕ್ಸರ್ ದೂರವಿದ್ದರೆ ನಡುವೆ ಡಿಐ ಬಾಕ್ಸ್ ಇರುವುದು ಲೇಸು. ವಾಲ್ಯೂಮನ್ನು ಯಂತ್ರದಲ್ಲಿ ತೀರಾ ತಗ್ಗಿಸಿ ಮಿಕ್ಸರ್‌ನಲ್ಲಿ ಏರಿಸುವ ಅಭ್ಯಾಸವೂ ಒಳ್ಳೆಯದಲ್ಲ. ನಾದದೊಂದಿಗೆ ಸುಯ್ಯೆನ್ನುವ ಸದ್ದೂ ಹಿಗ್ಗುತ್ತದೆ.

ಗಿಟಾರ್ ಆಂಪ್ಲಿಫೈಯರ್‌ಗೆ ಜೋಡಿಸುವವರು ಇನ್ನೊಂದು ಬಗೆಯ ಸಂಕಟಕ್ಕೆ ಸಿಲುಕುತ್ತಾರೆ. ಗಿಟಾರ್ ಸ್ಪೀಕರ್‌ಗಳು ಸುಮಾರು 5ರಿಂದ 6 ಕಿಲೋಹರ್ಟ್ಸ್ ಮೇಲಿನ ಕಂಪನಗಳನ್ನು ಬಹುಮಟ್ಟಿಗೆ ಕೈಬಿಡುತ್ತವೆ. ಸಿಂಬಲ್‌ನ ಹೊಳಪೆಲ್ಲ ಇರುವುದು ಅದರ ಮೇಲೆಯೇ. ಕೀಬೋರ್ಡ್ ಆಂಪ್ಲಿಫೈಯರ್ ಅಥವಾ ಪಿ.ಎ. ಸ್ಪೀಕರ್ ಆದರೆ ಈ ತೊಂದರೆಯಿಲ್ಲ.

ಒಂದೇ ಕೇಬಲ್ ಬಳಸುವಾಗ ಅದನ್ನು ಎಡ ಅಥವಾ ಮೋನೋ ಎಂದು ಗುರುತಿಸಿದ ಕಿಂಡಿಗೇ ಹಾಕಬೇಕು. ಬಲಗಡೆಯದಕ್ಕೆ ಹಾಕಿದರೆ ಎಡಕ್ಕೆ ಹಂಚಿದ ವಾದ್ಯಗಳು ಕ್ಷೀಣಿಸುತ್ತವೆ ಅಥವಾ ಮಾಯವಾಗುತ್ತವೆ. ಹೈ-ಹ್ಯಾಟ್ ಕೇಳಿಸುತ್ತಿಲ್ಲ ಎಂಬ ದೂರಿನ ಮೂಲ ಹಲವೊಮ್ಮೆ ಇಷ್ಟೇ.

ಗುಂಯ್‌ಗುಡುವ ಸದ್ದು ವಿದ್ಯುತ್ತಿನದು. ನಮ್ಮಲ್ಲಿ ಅದರ ಆವರ್ತನ 50 ಹರ್ಟ್ಸ್. ಎಲ್ಲ ಉಪಕರಣಗಳನ್ನೂ ಒಂದೇ ಪ್ಲಗ್ ಪಾಯಿಂಟ್‌ನಿಂದ ನಡೆಸಿದರೆ ಬಹುತೇಕ ಅಡಗುತ್ತದೆ. ಸದ್ದು ನಿಲ್ಲಿಸಲೆಂದು ಪ್ಲಗ್‌ನ ಅರ್ತ್ ಕಡ್ಡಿ ಮುರಿಯುವವರಿದ್ದಾರೆ. ಜೀವಕ್ಕೆ ಎರವಾಗಬಲ್ಲ ಈ ಕೆಲಸವನ್ನು ಯಾರೂ ಮಾಡಕೂಡದು.

ಅಡಾಪ್ಟರ್ ವಿಷಯದಲ್ಲೂ ಉದಾಸೀನ ಸಲ್ಲದು. 9 ವೋಲ್ಟ್ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಅಲೆಸಿಸ್ ಎಸ್‌ಆರ್-16 ಯಂತ್ರಕ್ಕೆ ಬೇಕಾದುದು 9 ವೋಲ್ಟ್ ಎ.ಸಿ.; ಬಾಸ್ ಸಂಸ್ಥೆಯ ಯಂತ್ರಗಳು ಸಾಮಾನ್ಯವಾಗಿ ಬಳಸುವುದು ನಡುವಿನ ತುದಿ ಋಣವಾಗಿರುವ 9 ವೋಲ್ಟ್ ಡಿ.ಸಿ. ಅದಲುಬದಲಾದರೆ ನಾದವಷ್ಟೇ ಅಲ್ಲ, ಯಂತ್ರವೂ ಕೆಟ್ಟೀತು.

ಹೆಡ್‌ಫೋನ್‌ನಲ್ಲೂ ಕೆಟ್ಟದಾಗಿಯೇ ಕೇಳಿದರೆ

ಆಗ ಸೆಟ್ಟಿಂಗ್‌ಗಳನ್ನು ಪರಿಶೀಲಿಸಬೇಕು. ಹಿಂದಿನ ಮಾಲೀಕರು ಸ್ಥಾಯಿಯನ್ನು ಬಹಳ ಕೆಳಗಿಳಿಸಿರಬಹುದು. ಇಳಿಸಿದಷ್ಟೂ ಸ್ಯಾಂಪಲ್‌ನ ಒರಟುತನ ಮೇಲೇಳುತ್ತದೆ. ಎಲ್ಲ ವಾದ್ಯಗಳ ಮಟ್ಟವೂ ತುತ್ತತುದಿಯಲ್ಲಿದ್ದರೆ ಒಟ್ಟು ಬಾರಿಸಿದಾಗ ನಾದ ಬಿರಿಯುತ್ತದೆ. ಕಾರ್ಖಾನೆಯ ಮೂಲ ಸ್ಥಿತಿಗೆ ಮರಳಿಸುವುದು ಸುಲಭ ಪರಿಹಾರ. ಆದರೆ ಸ್ವಂತವಾಗಿ ಕಟ್ಟಿಕೊಂಡ ತಾಳಗಳೆಲ್ಲ ಅಳಿಸಿಹೋಗುವುದರಿಂದ ಮೊದಲು ಅವುಗಳನ್ನು ಉಳಿಸಿಕೊಳ್ಳಬೇಕು. ಹಳೆಯ ಯಂತ್ರಗಳ ಒಳಗಿರುವ ಬ್ಯಾಟರಿ ಕಾಪಾಡುವುದು ಈ ತಾಳ, ಸೆಟ್ಟಿಂಗ್‌ಗಳನ್ನು ಮಾತ್ರ, ಸ್ಯಾಂಪಲ್‌ಗಳನ್ನಲ್ಲ. ಅದು ಸತ್ತರೆ ಸೆಟ್ಟಿಂಗ್ ಕಲಸಿಹೋಗಿ ನಾದವೇ ಕೆಟ್ಟಂತೆ ಭಾಸವಾಗುತ್ತದೆ.

ವಾಲ್ಯೂಮ್ ಗುಂಡಿ ತಿರುಗಿಸುವಾಗ ಕರಕರ ಎಂದರೆ ಅಥವಾ ಪ್ಲಗ್ ಅಲುಗಿಸಿದಾಗ ನಾದ ಬಂದು ಹೋದರೆ ಧೂಳು, ತುಕ್ಕು ಕಾರಣ. ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಇಪ್ಪತ್ತು ವರ್ಷ ದಾಟಿದ ಯಂತ್ರದಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿ ಕಿಕ್ ಡ್ರಮ್‌ನ ಗಾಂಭೀರ್ಯ ಇಂಗಿರಬಹುದು. ಇದು ನುರಿತ ತಂತ್ರಜ್ಞರ ಕೆಲಸ.

ಯಂತ್ರದ ಸ್ವಭಾವವೇ ಹಾಗಿದ್ದರೆ?

ಇವೆಲ್ಲ ಸರಿಯಿದ್ದೂ ನಾದ ಒರಟಾಗಿದ್ದರೆ ಅದು ದೋಷವಲ್ಲ, ಆ ಕಾಲದ ತಂತ್ರಜ್ಞಾನದ ಮಿತಿ. ನಿಜವಾದ ಡ್ರಮ್‌ಗಳ ಸ್ಯಾಂಪಲ್ ಬಳಸಿದ ಮೊದಲ ಡ್ರಮ್ ಮಷಿನ್, ಅಮೆರಿಕದ ರೋಜರ್ ಲಿನ್ 1980ರಲ್ಲಿ ಹೊರತಂದ ಎಲ್‌ಎಂ-1, 8 ಬಿಟ್‌ನದು. ಅಂದರೆ ಧ್ವನಿಯ ಏರಿಳಿತವನ್ನು 256 ಮೆಟ್ಟಿಲುಗಳಲ್ಲಿ ಅಳೆಯುತ್ತಿತ್ತು. ಮೆಮೊರಿ ದುಬಾರಿಯಾಗಿದ್ದ ಕಾರಣ ಅದರಲ್ಲಿ ಕ್ರ್ಯಾಶ್, ರೈಡ್ ಸಿಂಬಲ್‌ಗಳೇ ಇರಲಿಲ್ಲ. 1983ರ ರೋಲ್ಯಾಂಡ್ ಟಿಆರ್-909ರಲ್ಲಿ ಸಿಂಬಲ್ ಹಾಗೂ ಹೈ-ಹ್ಯಾಟ್ 6 ಬಿಟ್‌ನವು, ಕೇವಲ 64 ಮೆಟ್ಟಿಲು. 1987ರ ಇ-ಮ್ಯೂ ಎಸ್‌ಪಿ-1200 ಯಂತ್ರ 12 ಬಿಟ್‌ನದಾದರೂ ಸೆಕೆಂಡಿಗೆ ಸುಮಾರು 26 ಸಾವಿರ ಬಾರಿ ಮಾತ್ರ ಮಾದರಿ ತೆಗೆಯುತ್ತಿದ್ದರಿಂದ 13 ಕಿಲೋಹರ್ಟ್ಸ್ ಮೇಲಿನದು ಅದಕ್ಕೆ ನಿಲುಕುತ್ತಿರಲಿಲ್ಲ. ಸಿ.ಡಿ.ಯ 16 ಬಿಟ್‌ಗೆ 65,536 ಮೆಟ್ಟಿಲುಗಳಿರುವುದನ್ನು ನೆನೆದರೆ ವ್ಯತ್ಯಾಸ ತಿಳಿದೀತು. ವಿಚಿತ್ರವೆಂದರೆ, ಹಿಪ್-ಹಾಪ್ ಮತ್ತು ನೃತ್ಯ ಸಂಗೀತದವರು ಇದೇ ಒರಟುತನಕ್ಕಾಗಿ ಈ ಯಂತ್ರಗಳನ್ನು ಹುಡುಕಿ ಕೊಳ್ಳುತ್ತಾರೆ.

1990ರ ದಶಕದಿಂದೀಚಿನ 16 ಬಿಟ್ ಯಂತ್ರಗಳಲ್ಲಿ ತೊಡಕು ಬೇರೆ. ಎಸ್‌ಆರ್-16ರ 233 ನಾದಗಳಲ್ಲಿ ಹಲವಕ್ಕೆ ಪ್ರತಿಧ್ವನಿ ಮೊದಲೇ ಬೆರೆತಿದೆ. ಅದರ ಮೇಲೆ ಮಿಕ್ಸರ್‌ನ ರಿವರ್ಬ್ ಸೇರಿಸಿದರೆ ಎಲ್ಲವೂ ಕಲಸುಮೇಲೋಗರ. ಪ್ರತಿಧ್ವನಿಯಿಲ್ಲದ ನಾದವನ್ನು ಆರಿಸಿಕೊಂಡರೆ ಅರ್ಧ ಸಮಸ್ಯೆ ಕಳೆಯುತ್ತದೆ. ಇನ್ನು, ಪ್ರತಿ ಪೆಟ್ಟೂ ಒಂದೇ ಬಿರುಸಿನಲ್ಲಿದ್ದರೆ ಎಂತಹ ಸ್ಯಾಂಪಲ್ ಕೂಡ ಗುಮ್ಮಟೆ ಹೊಡೆದಂತೆ ಕೇಳುತ್ತದೆ. ಪೆಟ್ಟಿನ ಬಲವನ್ನು ಹೆಚ್ಚು ಕಡಿಮೆ ಮಾಡಿ ತಾಳ ಕಟ್ಟಬೇಕು.

ಬೆಂಗಳೂರಿನ ರಾಡೆಲ್ ಸಂಸ್ಥೆಯ ತಾಳಮಾಲಾದಂತಹ ಎಲೆಕ್ಟ್ರಾನಿಕ್ ತಬಲಾ ಬಳಸುವ ಗಾಯಕರಿಗೂ ಇದೇ ಪರೀಕ್ಷೆಗಳು ಅನ್ವಯಿಸುತ್ತವೆ. ಹಳೆಯ ಯಂತ್ರ ಕೊಳ್ಳಹೊರಟವರು ಸ್ವಂತ ಹೆಡ್‌ಫೋನ್ ಜೊತೆಗೆ ಒಯ್ದು, ಮಾರುವವರ ಸ್ಪೀಕರ್‌ನಲ್ಲಲ್ಲದೆ ಅದರಲ್ಲೇ ಪ್ರತಿಯೊಂದು ನಾದವನ್ನೂ ಕೇಳಿದ ಬಳಿಕ ಹಣ ಕೊಡುವುದು ಕ್ಷೇಮ. ಮೂಲ ಅಡಾಪ್ಟರ್ ಇದೆಯೇ ಎಂಬುದನ್ನೂ ಆಗಲೇ ವಿಚಾರಿಸಬೇಕು.