ಹೊತ್ತು ನಡೆದವರು, ಎತ್ತಿ ಹಿಡಿದವರು

ಮೈಸೂರಿನ ಕಾಲೇಜಿಗೆ ಸೇರಿ ಎರಡು ತಿಂಗಳು ತುಂಬುವ ಮೊದಲೇ, ಆಷಾಢದ ಒಂದು ಬೆಳಗ್ಗೆ, ಹಿರಿಯ ವಿದ್ಯಾರ್ಥಿಗಳಿಗೆ ವರ್ಷ ಕಳೆದರೂ ಕೈಸೇರದಿದ್ದ ವಿದ್ಯಾರ್ಥಿವೇತನವನ್ನು ಕೇಳುವ ಸಲುವಾಗಿ ನಮ್ಮ ವಿದ್ಯಾರ್ಥಿನಿಲಯದವರೆಲ್ಲ ಸಾಲುಗಟ್ಟಿ ಒಂದು ಕಚೇರಿಯ ಕಡೆಗೆ ಹೊರಟಾಗ, ಆ ಸಾಲಿನಲ್ಲಿ ನಾನೂ ಒಬ್ಬನಾಗಿದ್ದೆ. ಹಳೆಯ ಹೊದಿಕೆಯೊಂದನ್ನು ಸೀಳಿ, ಬಟ್ಟೆಗೆ ಹಾಕುವ ನೀಲಿಯನ್ನು ಗಟ್ಟಿಯಾಗಿ ಕಲಸಿ, ನಡುರಾತ್ರಿಯವರೆಗೆ ಕುಳಿತು ಬರೆದಿದ್ದ ಅಕ್ಷರಗಳು ಕಚೇರಿಯ ಬಾಗಿಲನ್ನು ಮುಟ್ಟುವ ಮೊದಲೇ ತುಂತುರು ಮಳೆಗೆ ಕರಗಿ, ತಲೆಕಟ್ಟುಗಳೆಲ್ಲ ನೀಲಿ ಗೆರೆಗಳಾಗಿ ಕೆಳಗಿಳಿಯುತ್ತಿದ್ದವು. ಆ ಬಟ್ಟೆಯ ಒಂದು ಕೋಲು ನನ್ನ ಕೈಯಲ್ಲಿತ್ತು, ಇನ್ನೊಂದು ನನ್ನ ಕೊಠಡಿಯ ಸಂಗಾತಿಯ ಕೈಯಲ್ಲಿ. ಊರ ದೇವರ ಪಲ್ಲಕ್ಕಿಯ ದಂಡಿಗೆಗೆ ಹೆಗಲು ಕೊಟ್ಟು ರೂಢಿಯಾಗಿದ್ದ ನಾನು, ನನಗರಿವಿಲ್ಲದೆಯೇ ಆ ಕೋಲನ್ನೂ ಹೆಗಲಿಗೇರಿಸಿಕೊಂಡಿದ್ದೆ. ಅದನ್ನು ಕಂಡು ಅವನು, "ಇದು ಹೊರೋದಲ್ಲ ಕಣೋ, ಎತ್ತಿ ಹಿಡಿಯೋದು" ಎಂದ.

ಆಡಿದವನು ಆ ಮಾತನ್ನು ಅಂದೇ ಮರೆತಿರಬೇಕು. ನನ್ನಲ್ಲಿ ಅದು ಉಳಿಯಿತು. ಇತಿಹಾಸವನ್ನು ಐಚ್ಛಿಕವಾಗಿ ಓದುತ್ತಿರುವ ನನಗೆ, ಮೈಸೂರು ಸೀಮೆಯ ವಿದ್ಯಾರ್ಥಿಗಳ ಮೆರವಣಿಗೆಯ ಕಥೆಯೆಂದರೆ ಹೊರುವುದರಿಂದ ಎತ್ತಿ ಹಿಡಿಯುವುದಕ್ಕೆ ಬಂದ ಕಥೆಯೇ ಎಂದು ಬರಬರುತ್ತ ತೋರತೊಡಗಿತು.

ಮೆರವಣಿಗೆಯೆಂಬ ಶಬ್ದದ ಮೂಲದಲ್ಲಿರುವುದು 'ಮೆರೆ' ಎಂಬ ಧಾತು. ಶೋಭಿಸು, ಪ್ರಕಾಶಿಸು ಎಂಬುದು ಅದರ ಅರ್ಥ. ಹಿಂದಿನ ಕಾಲದ ಮೆರವಣಿಗೆಯಲ್ಲಿ ಮೆರೆಯುವವನು ಒಬ್ಬನೇ, ಮೆರೆಸುವವರು ಮಾತ್ರ ಅನೇಕರು. ದೇವರಾಗಲಿ ಅರಸನಾಗಲಿ ಮದುಮಗನಾಗಲಿ ನಡುವೆ ಎತ್ತರದಲ್ಲಿ ಕುಳಿತಿದ್ದರೆ, ಸುತ್ತ ದೀವಟಿಗೆ ಹಿಡಿದವರ, ವಾದ್ಯ ನುಡಿಸುವವರ, ಹೆಗಲು ಕೊಟ್ಟವರ ಮುಖಗಳು ಕತ್ತಲಲ್ಲೇ ಇರುತ್ತಿದ್ದವು. ಮೈಸೂರಿನಲ್ಲಿ ಈ ಸಂಪ್ರದಾಯವು ಪರಾಕಾಷ್ಠೆಯನ್ನು ಮುಟ್ಟಿದ್ದು ವಿಜಯದಶಮಿಯಂದು ಚಿನ್ನದ ಅಂಬಾರಿಯಲ್ಲಿ ಕುಳಿತ ಮಹಾರಾಜರು ಅರಮನೆಯಿಂದ ಬನ್ನಿಮಂಟಪಕ್ಕೆ ಬಿಜಯಮಾಡುತ್ತಿದ್ದ ಜಂಬೂಸವಾರಿಯಲ್ಲಿ. ರಂಗಾಚಾರ್ಲು ಅವರ ದಿವಾನಗಿರಿಯಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆಯು ಮೊದಲು ಸೇರಿದಾಗ, ಅದರ 144 ಮಂದಿ ಸದಸ್ಯರನ್ನು ಕರೆಸಿಕೊಂಡದ್ದೂ ದಸರೆಯ ಸಂದರ್ಭದಲ್ಲಿಯೇ. ಅಹವಾಲು ಹೊತ್ತು ತಂದ ಪ್ರಜೆ ಮೊದಲು ಉತ್ಸವದ ಪ್ರೇಕ್ಷಕನಾಗಿದ್ದು, ಆಮೇಲೆ ಮಾತನಾಡಬೇಕಾಗಿತ್ತು.

1916ರ ಜುಲೈಯಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಸಂಸ್ಥಾನದ ಮೂಲೆಮೂಲೆಗಳಿಂದ ತರುಣರು ಮಹಾರಾಜ ಕಾಲೇಜಿಗೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೂ ಬಂದು ಸೇರತೊಡಗಿದಾಗ, ಅವರು ತಮ್ಮ ಜೊತೆಗೆ ತಂದಿದ್ದು ಈ ಹೆಗಲಿನ ಅಭ್ಯಾಸವನ್ನೇ. ಅದರ ಅತ್ಯಂತ ಸುಂದರವಾದ ನಿದರ್ಶನ ಸಿಕ್ಕುವುದು 1921ರಲ್ಲಿ. ಮೂರು ವರ್ಷ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿ, ಕಲ್ಕತ್ತೆಯ ವಿಶ್ವವಿದ್ಯಾನಿಲಯದ ಪೀಠಕ್ಕೆ ಆಹೂತರಾಗಿ ಹೊರಟಿದ್ದ ಸರ್ವೇಪಲ್ಲಿ ರಾಧಾಕೃಷ್ಣನ್ ಅವರನ್ನು ಬೀಳ್ಕೊಡಲು ಬಂದ ವಿದ್ಯಾರ್ಥಿಗಳು, ಹೂವಿನಿಂದ ಅಲಂಕರಿಸಿದ ಕುದುರೆ ಗಾಡಿಯ ಕುದುರೆಗಳನ್ನು ಬಿಚ್ಚಿ, ನೊಗಕ್ಕೆ ತಾವೇ ಕೈಹಚ್ಚಿ, ರೈಲು ನಿಲ್ದಾಣದವರೆಗೂ ಎಳೆದುಕೊಂಡು ಹೋದರು. ಆಗ ರಾಧಾಕೃಷ್ಣನ್ ಅವರಿಗೆ ಮೂವತ್ತರ ಮೇಲಿನ ಹರೆಯ. ಎಳೆದವರಲ್ಲಿ ಹಲವರು ಅವರಿಗಿಂತ ಹತ್ತು ಹನ್ನೆರಡು ವರ್ಷಕ್ಕೆ ಕಿರಿಯರಷ್ಟೆ. ಈ ಪ್ರಸಂಗವನ್ನು ನಮ್ಮ ಉಪಾಧ್ಯಾಯರು ಗುರುಭಕ್ತಿಯ ದೃಷ್ಟಾಂತವಾಗಿ ಹೇಳುವುದುಂಟು, ಅದು ಸತ್ಯವೇ. ಆದರೆ ನನಗೆ ಅದರಲ್ಲಿ ಇನ್ನೊಂದು ಅರ್ಥವೂ ಕಾಣುತ್ತದೆ. ಅರಸನಿಗೂ ದೇವರಿಗೂ ಮಾತ್ರ ಸಲ್ಲುತ್ತಿದ್ದ ಮರ್ಯಾದೆಯನ್ನು, ಯಾರ ಆಜ್ಞೆಗೂ ಕಾಯದೆ, ಸಂಬಳದ ಒಬ್ಬ ಅಧ್ಯಾಪಕನಿಗೆ ವಿದ್ಯಾರ್ಥಿಗಳು ಸಲ್ಲಿಸಿದ ದಿನವದು. ಮೆರೆಯುವವರು ಯಾರೆಂಬುದನ್ನು ಮೆರೆಸುವವರೇ ನಿರ್ಣಯಿಸಿದ ಆ ದಿನ, ಹಳೆಯ ಸಂಪ್ರದಾಯದ ಒಳಗೇ ಒಂದು ಹೊಸ ಸ್ವಾತಂತ್ರ್ಯ ಹುಟ್ಟಿತು.

ಆ ಸ್ವಾತಂತ್ರ್ಯಕ್ಕೆ ಭಾಷೆಯೊಂದು ಬೇಕಾಗಿತ್ತು, ಅದೂ ಅದೇ ವರ್ಷಗಳಲ್ಲಿ ಒದಗಿಬಂತು. ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ ಎ. ಆರ್. ಕೃಷ್ಣಶಾಸ್ತ್ರಿಗಳ ಶ್ರಮದಲ್ಲಿ 'ಪ್ರಬುದ್ಧ ಕರ್ಣಾಟಕ' ಪತ್ರಿಕೆ 1919ರಲ್ಲಿ ಹೊರಟಿತು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಊರೂರಿಗೆ ಹೋಗಿ ಕನ್ನಡದ ಪರವಾಗಿ ಉಪನ್ಯಾಸ ಕೊಟ್ಟರು. ಮಲೆನಾಡಿನಿಂದ ಮೈಸೂರಿಗೆ ಬಂದು ಇಂಗ್ಲಿಷಿನಲ್ಲಿ ಕವಿತೆ ಕಟ್ಟುತ್ತಿದ್ದ ಪುಟ್ಟಪ್ಪನೆಂಬ ತರುಣನಿಗೆ, ನಿನ್ನ ನುಡಿಯಲ್ಲೇ ಬರೆಯೆಂದು ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹಿತ ನುಡಿದರು. ಇವೆಲ್ಲ ಸಾಹಿತ್ಯಚರಿತ್ರೆಯ ಸಂಗತಿಗಳೆಂದು ಬೇರೆಯಾಗಿ ಓದುವುದು ನಮ್ಮ ರೂಢಿ. ಹಳ್ಳಿಯಿಂದ ಬಂದ ವಿದ್ಯಾರ್ಥಿಯ ಅನುಭವದಲ್ಲಿ ಮಾತ್ರ ಅವು ಬೇರೆಯಾಗಿರಲಾರವು. ಸಭಾಭವನದ ಎತ್ತರದ ವೇದಿಕೆಯಿಂದ, ಇಂಗ್ಲಿಷನ್ನು ಕರಗತ ಮಾಡಿಕೊಂಡ ದೊಡ್ಡವರೊಬ್ಬರು ತನ್ನ ತಾಯಿಯ ಮಾತಿನಲ್ಲಿ ಗಹನವಾದ ವಿಚಾರಗಳನ್ನಾಡುವುದನ್ನು ಮೊದಲ ಬಾರಿಗೆ ಕೇಳಿದವನಿಗೆ, ಆ ಮಾತಿನಲ್ಲಿಯೇ ತಾನೂ ಏನನ್ನಾದರೂ ಕೇಳಬಹುದು, ಬೇಕಾದರೆ ಕೂಗಿ ಕೇಳಬಹುದು ಎಂಬ ಧೈರ್ಯ ಬರುವುದು ಸಹಜ. ನನಗೆ ಹಾಗೆ ಆದದ್ದರಿಂದಲೇ ಇದನ್ನು ಹೇಳುತ್ತಿದ್ದೇನೆ. ಇಲ್ಲಿಗೆ ಬರುವವರೆಗೆ ನಾಟಕವೆಂದರೆ ನಮ್ಮೂರ ಚಪ್ಪರದ ಕುರುಕ್ಷೇತ್ರವೇ ಎಂದುಕೊಂಡಿದ್ದ ನಾನು, ವಿಷಯವೇ ಗೊತ್ತಿಲ್ಲದ ಆಧುನಿಕ ನಾಟಕವೊಂದನ್ನು ಇಲ್ಲಿ ನೋಡಿ ರಾತ್ರಿ ನಿದ್ದೆಗೆಟ್ಟದ್ದೂ, ಮೊದಲ ಪ್ರತಿಭಟನೆಗೆ ಹೋಗಿ ಬಂದದ್ದೂ ಒಂದೇ ವಾರದಲ್ಲಿ. ಎರಡನ್ನೂ ಬೇರೆ ಬೇರೆ ಪಾಠಗಳೆಂದು ನನ್ನ ಮನಸ್ಸು ಇಂದಿಗೂ ಎಣಿಸುತ್ತಿಲ್ಲ.

ವಿದ್ಯಾರ್ಥಿಗಳ ಮೆರವಣಿಗೆ ಯಾವಾಗಲೂ ನೇರವಾದ ದಾರಿಯಲ್ಲೇ ನಡೆಯಿತೆಂದು ಹೇಳಲಾಗದು. 1928ರ ಜುಲೈಯಲ್ಲಿ, ಬೆಂಗಳೂರಿನ ಸುಲ್ತಾನಪೇಟೆಯಲ್ಲಿ, ಶಾಲೆಯ ಆವರಣದಲ್ಲಿದ್ದ ಗಣಪತಿ ವಿಗ್ರಹವನ್ನು ಕುರಿತ ವಿವಾದವೊಂದು ಎದ್ದು, ವಿದ್ಯಾರ್ಥಿಗಳು ಬೀದಿಗಿಳಿದರು. ಆಗ ಮಿರ್ಜಾ ಇಸ್ಮಾಯಿಲ್ ಅವರು ದಿವಾನರು. ಮುಂದಾಳುಗಳ ಬಂಧನ, ಅದಕ್ಕೆ ಪ್ರತಿಯಾಗಿ ಇನ್ನೂ ದೊಡ್ಡ ಗುಂಪು, ಕಡೆಗೆ ಗಲಭೆ, ಆ ಮೇಲೆ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ: ಹೀಗೆ ಆ ಪ್ರಕರಣ ಬೆಳೆಯಿತು. ಸಂಸ್ಥಾನದಲ್ಲಿ ಸರ್ಕಾರವನ್ನು ಬೀದಿಯಲ್ಲಿ ನಿಂತು ಪ್ರಶ್ನಿಸಬಹುದೆಂಬ ಪಾಠವನ್ನು ಅದು ಕಲಿಸಿತೆಂದು ಹಲವರು ಬರೆದಿದ್ದಾರೆ, ಇರಬಹುದು. ಆದರೆ ಹೆಗಲ ಮೇಲೆ ದೇವರಿದ್ದಾಗ ಪ್ರಶ್ನೆಯು ಸರ್ಕಾರದತ್ತ ಹೋಗದೆ ನೆರೆಯವನ ಮನೆಯ ಕಡೆಗೆ ತಿರುಗುವುದು ಎಷ್ಟು ಸುಲಭವೆಂಬುದನ್ನೂ ಅದೇ ಪ್ರಕರಣ ತೋರಿಸಿತು. ದಿವಾನರ ಆಡಳಿತದ ಮೇಲಿನ ಸಿಟ್ಟು ಅವರ ಮತದ ಮೇಲಿನ ಸಿಟ್ಟಾಗಿ ಮಾರ್ಪಟ್ಟದ್ದು ಆ ಮೆರವಣಿಗೆಗೆ ಅಂಟಿದ ಕಲೆಯೆಂದೇ ನಾನು ತಿಳಿದಿದ್ದೇನೆ.

ಹತ್ತು ವರ್ಷಗಳ ತರುವಾಯ ಹೊರೆ ಹಗುರವಾಯಿತು. 1938ರ ಏಪ್ರಿಲ್ ತಿಂಗಳಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ನೇತೃತ್ವದಲ್ಲಿ ನಿಷೇಧಾಜ್ಞೆಯನ್ನು ಮುರಿದು ಎತ್ತಿದ್ದು ಒಂದು ತುಂಡು ಖಾದಿಯ ಬಾವುಟವನ್ನು. ಅದೇ ತಿಂಗಳ 25ರಂದು ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥದಲ್ಲಿ, ಅದೇ ಬಾವುಟದ ನಿಮಿತ್ತ, ನೆರೆದಿದ್ದ ಜನರ ಮೇಲೆ ಗುಂಡುಗಳು ಹಾರಿದವು. ಅದರ ಬೆನ್ನಿಗೇ ವಲ್ಲಭಭಾಯಿ ಪಟೇಲರು ಬೆಂಗಳೂರಿಗೆ ಬಂದು ಮಾತುಕತೆ ನಡೆಸಿದ ಮೇಲೆ, ಸಂಸ್ಥಾನದ ಧ್ವಜದ ಜೊತೆಯಲ್ಲಿ ಕಾಂಗ್ರೆಸಿನ ಧ್ವಜವನ್ನೂ ಹಾರಿಸಬಹುದೆಂದು ಸರ್ಕಾರ ಒಪ್ಪಿತು. ಪಲ್ಲಕ್ಕಿಗೆ ಹಲವಾರು ಹೆಗಲು ಬೇಕು, ಕುದುರೆಗಳನ್ನು ಬಿಚ್ಚಿದ ಗಾಡಿಗೆ ಹತ್ತಾರು ಕೈ ಬೇಕು. ಬಾವುಟಕ್ಕೆ ಒಬ್ಬ ಹುಡುಗನ ಕೈ ಸಾಕು. ಮುಂಜಾವದ ಪ್ರಭಾತಫೇರಿಯಲ್ಲಿ ಮುಂದೆ ಬಾವುಟ ಹಿಡಿದು ಹೋಗುತ್ತಿದ್ದವರಲ್ಲಿ ಶಾಲೆಯ ಮಕ್ಕಳೇ ಬಹುಮಂದಿ ಇದ್ದುದಕ್ಕೆ ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ. ಹುಬ್ಬಳ್ಳಿಯಲ್ಲಿ 1942ರ ಆಗಸ್ಟಿನಲ್ಲಿ ಗುಂಡಿಗೆ ಬಲಿಯಾದ ನಾರಾಯಣ ಡೋಣಿ ಇನ್ನೂ ಶಾಲಾಬಾಲಕ.

ಆ ವರ್ಷ ಮೈಸೂರಿನ ತರಗತಿಗಳು ಬರಿದಾದವು. ಮಹಾರಾಜ ಕಾಲೇಜಿನ ವಿದ್ಯಾರ್ಥಿ ಮುಂದಾಳಾಗಿದ್ದ ಎಚ್. ವೈ. ಶಾರದಾಪ್ರಸಾದರು ಸೆರೆಮನೆಗೆ ಹೋದರು. ಬೆಂಗಳೂರಿನಲ್ಲಿ ಅಧ್ಯಾಪಕರಾಗಿದ್ದ ಎಚ್. ಎಸ್. ದೊರೆಸ್ವಾಮಿಯವರು ಸೆಂಟ್ರಲ್ ಜೈಲಿನಲ್ಲಿ ಹದಿನಾಲ್ಕು ತಿಂಗಳು ಕಳೆದರು. ಮುಂದೆ 1947ರಲ್ಲಿ ಅವರ 'ಪೌರವಾಣಿ' ಪತ್ರಿಕೆಯ ಮೇಲೆ ಸಂಸ್ಥಾನದ ಸರ್ಕಾರದ ಕಣ್ಣು ಬಿದ್ದಾಗ, ಗಡಿಯಾಚೆ ಮದ್ರಾಸು ಪ್ರಾಂತಕ್ಕೆ ಸೇರಿದ್ದ ಹಿಂದೂಪುರಕ್ಕೆ ಹೋಗಿ ಅದನ್ನು ಅಚ್ಚು ಹಾಕಿಸಿ ತಂದರು.

1947ರ ಸೆಪ್ಟೆಂಬರನ್ನು ಕುರಿತು ಸ್ವಲ್ಪ ನಿಧಾನಿಸಬೇಕು. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ಕೆ. ಸಿ. ರೆಡ್ಡಿಯವರ ನಾಯಕತ್ವದಲ್ಲಿ 'ಮೈಸೂರು ಚಲೋ' ಎಂಬ ಕರೆ ಹೊರಟು, ಅರಮನೆಯ ಮುಂದೆ ಸತ್ಯಾಗ್ರಹ ಹೂಡುವುದೆಂದು ತೀರ್ಮಾನವಾದಾಗ, ಜಂಬೂಸವಾರಿಯ ದಾರಿಯಲ್ಲಿಯೇ ಜನ ನಡೆದರು, ಆದರೆ ಎದುರು ದಿಕ್ಕಿನಿಂದ. ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರನ್ನೂ ಅರಮನೆಯ ಅಧಿಕಾರಿ ತಂಬೂಚೆಟ್ಟಿಯವರನ್ನೂ ಕುರಿತು ವಿದ್ಯಾರ್ಥಿಗಳು ಕೂಗಿದ "ಆರ್ಕಾಟ್ ಬಾಯ್ಕಾಟ್, ತಂಬೂಚೆಟ್ಟಿ ಚಟ್ಟ ಕಟ್ಟಿ" ಎಂಬ ಘೋಷಣೆಯನ್ನು ಇಂದಿಗೂ ಹಿರಿಯರು ನೆನೆಯುತ್ತಾರೆ. ಅದರ ಪ್ರಾಸವನ್ನು ಗಮನಿಸಿದರೆ, ಇಂಗ್ಲಿಷಿನ ಒಂದು ಶಬ್ದವನ್ನೂ ಕನ್ನಡದ ಒಂದು ಬೈಗುಳವನ್ನೂ ಒಂದೇ ತಾಳಕ್ಕೆ ಹೆಣೆದ ಆ ನಾಲಗೆ ಕಾಲೇಜಿನಲ್ಲೂ ಹಟ್ಟಿಯಲ್ಲೂ ಸಮವಾಗಿ ಪಳಗಿದ್ದೆಂದು ತಿಳಿಯುತ್ತದೆ. ಮಾತು ಕಟುವಾದುದು, ಆದರೆ ಕಟ್ಟಿದವರ ಕಿವಿ ಚೆನ್ನಾಗಿತ್ತು. ಆ ಸೆಪ್ಟೆಂಬರಿನಲ್ಲಿ ಮೈಸೂರಿನ ಬೀದಿಯಲ್ಲಿ ರಾಮಸ್ವಾಮಿಯೆಂಬ ವಿದ್ಯಾರ್ಥಿ ಗುಂಡೇಟಿಗೆ ಬಿದ್ದ. ನವರಾತ್ರಿಯ ಹೊಸ್ತಿಲಲ್ಲಿ, ಅಕ್ಟೋಬರ್ 12ರಂದು, ಒಪ್ಪಂದವಾಯಿತು. ಆ ದಸರೆಯ ಹೊತ್ತಿಗೆ ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು.

ರಾಮಸ್ವಾಮಿಯ ಹೆಸರನ್ನು ನಾನು ಮೊದಲು ಕೇಳಿದ್ದು ಬಸ್ಸಿನ ನಿರ್ವಾಹಕನ ಬಾಯಲ್ಲಿ. ಇಳಿಯುವವರಿಗೆಲ್ಲ ರಾಮಸ್ವಾಮಿ ಸರ್ಕಲ್ ಎಂಬುದು ಒಂದು ನಿಲ್ದಾಣ. ಯಾವನೋ ಅಧಿಕಾರಿಯ ಹೆಸರಿರಬೇಕೆಂದು ನಾನೂ ತಿಂಗಳುಗಟ್ಟಲೆ ಎಣಿಸಿದ್ದೆ. ನನಗಿಂತ ಚಿಕ್ಕವನೊಬ್ಬನ ಹೆಸರು ಅದೆಂದು ತಿಳಿದ ದಿನ, ಆ ವೃತ್ತದಲ್ಲಿ ಇಳಿದು, ವಾಹನಗಳು ಸುತ್ತುತ್ತಿರುವುದನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದೆ.

ಇಲ್ಲಿಗೆ ಕಥೆ ಮುಗಿಯಿತೆಂದುಕೊಂಡರೆ, ಆ ಸಾಲುಗಳಲ್ಲಿ ಯಾರು ಇರಲಿಲ್ಲವೆಂಬ ಪ್ರಶ್ನೆಯನ್ನು ಕೇಳದೇ ಬಿಟ್ಟಂತಾಗುತ್ತದೆ. ನಮ್ಮೂರ ಪಲ್ಲಕ್ಕಿ ಊರನ್ನೆಲ್ಲ ಸುತ್ತಿ, ಕೇರಿಯ ಮೊದಲಿನ ಹುಣಸೆಮರದ ಬಳಿ ನಿಲ್ಲುತ್ತದೆ. ಅಲ್ಲಿ ಹೆಗಲು ಬದಲಾಯಿಸಿಕೊಂಡು ಹಿಂದಿರುಗುತ್ತದೆ. ಮರದಾಚೆ ಜನ ಕೈಮುಗಿದು ನಿಂತಿರುತ್ತಾರೆ. ಎಂಟು ವರ್ಷ ಹೆಗಲು ಕೊಟ್ಟ ನಾನು, ದೇವರು ಅಲ್ಲಿಂದ ಏಕೆ ತಿರುಗುತ್ತಾನೆಂದು ಒಮ್ಮೆಯೂ ಕೇಳಿರಲಿಲ್ಲ. 1973ರ ನವೆಂಬರಿನಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆಯೆಂದು ನುಡಿದದ್ದೇ ನೆಪವಾಗಿ, ಅವರ ರಾಜೀನಾಮೆಯನ್ನು ಬೇಡಿ ವಿದ್ಯಾರ್ಥಿಗಳು ಮೆರವಣಿಗೆ ಹೊರಟರು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಕಡೆಗೆ ಬಸವಲಿಂಗಪ್ಪನವರು ಮಂತ್ರಿಪದವಿಯನ್ನು ಬಿಟ್ಟರು. ಕನ್ನಡದ ಹೆಸರಿನಲ್ಲಿ ಕನ್ನಡಿಗರನ್ನೇ ಬೀದಿಯಿಂದ ಅಟ್ಟಿದ ಆ ದಿನಗಳನ್ನು ಓದುವಾಗ, ಕೃಷ್ಣಶಾಸ್ತ್ರಿಗಳೂ ಶ್ರೀಕಂಠಯ್ಯನವರೂ ಬೆಳಗಿಸಿದ ದೀಪದ ಕೆಳಗೆ ಇಷ್ಟು ಕತ್ತಲಿತ್ತೇ ಎಂದು ಎದೆ ಕುಗ್ಗುತ್ತದೆ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಮಂತ್ರಿ. ಪಲ್ಲಕ್ಕಿಯನ್ನು ಹೊರುವ ಹೆಗಲನ್ನೇ ಕುರಿತು ಚಿಂತಿಸುತ್ತಿದ್ದ ನನಗೆ, ಇನ್ನಾರದೋ ತಲೆಯ ಮೇಲೆ ಏನಿತ್ತೆಂಬುದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಆ ಅವಮಾನದಿಂದಲೇ ಹೊಸ ಸಾಲೊಂದು ಹೊರಟಿತು. ಅದೇ 1973ರಲ್ಲಿ ದೇವನೂರ ಮಹಾದೇವರ 'ದ್ಯಾವನೂರು' ಬಂತು, 1975ರಲ್ಲಿ ಕವಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು', ಬಿ. ಕೃಷ್ಣಪ್ಪನವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಹಾಡು ಮೆರವಣಿಗೆಗೆ ಅಲಂಕಾರವಾಗಿ ಬಂದುದಲ್ಲ, ಹಾಡೇ ಮೆರವಣಿಗೆಯ ಮುಂದೆ ನಡೆಯಿತು. 'ಸಮುದಾಯ' ರಂಗತಂಡದ ತರುಣರು 1979ರಲ್ಲಿ ಬೀದಿನಾಟಕಗಳನ್ನು ಹೊತ್ತು ನಾಡಿನಾದ್ಯಂತ ಜಾಥಾ ಹೋದರು.

ಕಳೆದ ರಜೆಯಲ್ಲಿ ಬೆಂಗಳೂರಿಗೆ ಹೋಗಿದ್ದಾಗ, ದೊರೆಸ್ವಾಮಿಯವರಿದ್ದ ಆ ಹಳೆಯ ಸೆಂಟ್ರಲ್ ಜೈಲನ್ನು ನೋಡಿಬಂದೆ. ಅದೀಗ ಫ್ರೀಡಂ ಪಾರ್ಕ್. ನಗರದಲ್ಲಿ ಪ್ರತಿಭಟಿಸುವವರು ಅಲ್ಲಿಯೇ ಕುಳಿತು ಪ್ರತಿಭಟಿಸಬೇಕೆಂದು 2021ರ ಆಜ್ಞೆಯಿದೆ. ವಾಹನಗಳಿಗೆ ಅಡಚಣೆಯಾಗಬಾರದೆಂಬ ಕಾರಣ ನನಗೂ ಅರ್ಥವಾಗುತ್ತದೆ. ಆದರೆ ಬೀದಿಯಲ್ಲಿ ನಡೆಯುವವನನ್ನು ಅಂಗಡಿಯವನೂ ತರಕಾರಿಯವಳೂ ಶಾಲೆಯ ಮಗುವೂ ಕಾಣುತ್ತಾರೆ, ಅವನೂ ಅವರನ್ನು ಕಾಣುತ್ತಾನೆ. ಗೋಡೆಯೊಳಗೆ ಕುಳಿತವನನ್ನು ಕಾವಲಿನವರಷ್ಟೇ ಕಾಣುತ್ತಾರೆ. ನಡೆಯದ ಮೆರವಣಿಗೆಯನ್ನು ಯಾವ ಹೆಸರಿನಿಂದ ಕರೆಯಬೇಕೆಂದು ನನಗೆ ತಿಳಿಯಲಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ, ಕೊಠಡಿಯ ಸಂಗಾತಿಯೂ ಜೊತೆಗಿದ್ದ. ಅವನು ಅಂಥದೇ ಇನ್ನೊಂದು ಊರಿನ, ಅಂಥದೇ ಮರದ ಆಚೆಯವನು. ಸಂಜೆ ದೇವಸ್ಥಾನದ ಜಗಲಿಯ ಮೇಲೆ ಉತ್ಸವದ ಲೆಕ್ಕಾಚಾರ ನಡೆಯುತ್ತಿದ್ದಾಗ, ಈ ಸಲ ಪಲ್ಲಕ್ಕಿ ಹುಣಸೆಮರವನ್ನು ದಾಟಿ ಕೇರಿಯೊಳಕ್ಕೆ ಹೋಗಲೆಂದು ನಾನು ಹೇಳಿದೆ. ಯಾರೂ ಗದರಲಿಲ್ಲ. ಹಿರಿಯರೊಬ್ಬರು ಎಲೆಯಡಿಕೆಯ ಚೀಲವನ್ನು ನಿಧಾನವಾಗಿ ಕಟ್ಟಿ, "ಹೋಗೋದಾದ್ರೆ ಅಲ್ಲಿಂದಾಚೆ ಹೆಗಲು ಕೊಡೋರು ಯಾರು?" ಎಂದು ಕೇಳಿದರು. "ನಾನು" ಎಂದೆ. ಅವರು ಜಗಲಿಯ ಕೆಳಗೆ ಅಂಗಳದಲ್ಲಿ ನಿಂತಿದ್ದ ನನ್ನ ಸಂಗಾತಿಯ ಕಡೆಗೆ ನೋಡಿದರು. "ಪಲ್ಲಕ್ಕೀಗೆ ಒಬ್ಬ ಸಾಲದು" ಎಂದರು. ಉತ್ಸವ ಯುಗಾದಿಯ ಮಾರನೆಯ ದಿನ.