ನಾಲ್ಕನೇ ಕ್ಲಾಸಿನ ಪತ್ತೇದಾರ

ಚರಿತ್ರೆ ಎಂದ ಕೂಡಲೇ ನಮಗೆ ನೆನಪಾಗುವುದು ಬೇಕಲದ ಕೋಟೆ, ಕುಂಬಳೆಯ ಅರಸರು. ಸಾಹಿತ್ಯದ ಚರಿತ್ರೆ ಎಂದರೆ ಪಾರ್ತಿಸುಬ್ಬ, ಗೋವಿಂದ ಪೈಗಳು, ಕಯ್ಯಾರರು. ಅವರ ಬಗ್ಗೆ ಬರೆಯಲು ನಮ್ಮಲ್ಲಿ ತಿಳಿದ ಮಾಸ್ಟ್ರುಗಳಿದ್ದಾರೆ. ನಾನು ಬರೆಯುವುದು ಚರಿತ್ರೆಯ ಪುಸ್ತಕದಲ್ಲಿ ಜಾಗ ಸಿಗದ ಒಂದು ದುಡಿಮೆಯ ಬಗ್ಗೆ. ಪತ್ತೇದಾರಿ ಕಾದಂಬರಿ ಬರೆಯುವ ದುಡಿಮೆ.

ಕನ್ನಡದಲ್ಲಿ ಈ ಕೆಲಸ ಮಾಡಿದವರಲ್ಲಿ ದೊಡ್ಡ ಹೆಸರು ಎನ್. ನರಸಿಂಹಯ್ಯನವರದ್ದು. 1925ರಲ್ಲಿ ಹುಟ್ಟಿದವರು, ಚಿಕ್ಕಮಗಳೂರು ಕಡೆಯವರು. ಓದಿದ್ದು ನಾಲ್ಕನೇ ಕ್ಲಾಸು. ನಾನು ಏಳನೆಯದ್ದು, ಅವರಿಗಿಂತ ಮೂರು ಕ್ಲಾಸು ಹೆಚ್ಚು! ಹೊಟ್ಟೆಪಾಡಿಗಾಗಿ ಕೈಗೆ ಸಿಕ್ಕಿದ ಸಣ್ಣ ಸಣ್ಣ ಕೆಲಸ ಮಾಡಿ, ತಾವಾಗಿಯೇ ಓದಿ ಓದಿ ಭಾಷೆ ಕಲಿತವರು. 1952ರಲ್ಲಿ ಅವರ ಮೊದಲ ಕಾದಂಬರಿ 'ಪತ್ತೇದಾರ ಪುರುಷೋತ್ತಮ' ಬಂತು. ಪುರುಷೋತ್ತಮನ ಹಿಂದೆ ಮಧುಸೂದನ, ಅರಿಂಜಯ ಎಂಬ ಪತ್ತೇದಾರರೂ ಬಂದರು. ಬೆಂಗಳೂರಿನಲ್ಲಿ ನೆಲೆಸಿ, 2011ರ ಡಿಸೆಂಬರಿನಲ್ಲಿ ತೀರಿಕೊಂಡರು.

ಬರೆದ ಪುಸ್ತಕ ಎಷ್ಟು? ನಾನೂರಕ್ಕಿಂತ ಹೆಚ್ಚು. ಐನೂರು ದಾಟಿತ್ತು ಎನ್ನುವವರೂ ಇದ್ದಾರೆ. ನಾವು ಕೃಷಿಕರು, ಕಡಿಮೆ ಲೆಕ್ಕವನ್ನೇ ಹಿಡಿಯುವ. 1952ರಿಂದ 2011ರ ವರೆಗೆ 59 ವರ್ಷ. ನಾನೂರನ್ನು ಅದಕ್ಕೆ ಭಾಗಿಸಿದರೆ ವರ್ಷಕ್ಕೆ ಹತ್ತಿರ ಹತ್ತಿರ ಏಳು ಪುಸ್ತಕ. ನಾವು ಒಂದು ಏಣೇಲು ಬೆಳೆ ತೆಗೆಯುವಷ್ಟರಲ್ಲಿ ಅವರು ಎರಡು ಕಾದಂಬರಿ ಮುಗಿಸಿದ ಹಾಗೆ. ಮನಸ್ಸು ಬಂದಾಗ ಬರೆಯುತ್ತೇನೆ ಎಂದು ಕೂತವನಿಂದ ಇದು ಆಗುವುದಿಲ್ಲ. ಹಸುವಿನ ಹಾಲು ಕರೆಯುವ ಹಾಗೆ ದಿನಾ ಕೂರಬೇಕು.

ಈ ಕೆಲಸ ಸುಲಭ ಅಂತ ಕೆಲವರಿಗೆ ಕಾಣುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ಯಕ್ಷಗಾನದ ಭಾಗವತರನ್ನು ನೋಡಿ. ಪ್ರಸಂಗದ ಕೊನೆ ಎಲ್ಲಿ ಅಂತ ಅವರಿಗೆ ಮೊದಲೇ ಗೊತ್ತು, ಸಭೆಗೂ ಗೊತ್ತು. ಆದರೂ ಬೆಳಗಿನ ವರೆಗೆ ಜನ ಏಳದ ಹಾಗೆ ಹಿಡಿದು ಕೂರಿಸಬೇಕು. ಪತ್ತೇದಾರಿ ಬರೆಯುವವನಿಗೆ ಇನ್ನೂ ಕಷ್ಟ. ಕೊನೆ ಅವನಿಗೆ ಗೊತ್ತಿರಬೇಕು, ಓದುವವರಿಗೆ ಗೊತ್ತಾಗಬಾರದು. ಆದರೆ ಕೊನೆಗೆ ಗೊತ್ತಾದಾಗ "ಹೌದಲ್ಲ, ಇದು ಮೊದಲೇ ಹೇಳಿತ್ತಲ್ಲ" ಅಂತ ಆಗಬೇಕು. ಹಾಗಾಗಿ ಕಥೆಯನ್ನು ಹಿಂದಿನಿಂದ ಮುಂದಕ್ಕೆ ನೇಯಬೇಕು. ಕಳ್ಳ ಯಾರು, ಯಾಕೆ ಮಾಡಿದ, ಎಲ್ಲಿ ಎಡವಿದ, ಇದನ್ನೆಲ್ಲ ನಿಶ್ಚಯ ಮಾಡಿದ ಮೇಲೆ ಮೊದಲ ಪುಟ. ಸುಳಿವನ್ನು ಬೀಜ ಹಾಕಿದ ಹಾಗೆ ಹಾಕಬೇಕು. ತೀರಾ ಮೇಲೆ ಹಾಕಿದರೆ ಹಕ್ಕಿ ಹೆಕ್ಕುತ್ತದೆ, ತೀರಾ ಆಳಕ್ಕೆ ಹೋದರೆ ಮೊಳಕೆ ಬರುವುದಿಲ್ಲ.

ಈ ಕಸುಬು ನಮ್ಮ ಸೀಮೆಗೆ ಹೊಸತಲ್ಲ ಎಂಬುದನ್ನೂ ಹೇಳಬೇಕು. ನಮ್ಮಿಂದ ತೆಂಕಕ್ಕೆ, ತಳಿಪರಂಬದ ಕಡೆಯವರು ವೆಂಙಯಿಲ್ ಕುಞ್ಞಿರಾಮನ್ ನಾಯನಾರ್. ದೊಡ್ಡ ಜಮೀನುದಾರರು, ಮದರಾಸಿನ ಸೈದಾಪೇಟೆಯ ಕೃಷಿ ಕಾಲೇಜಿನಲ್ಲಿ ಬೇಸಾಯ ಕಲಿತವರು. 1891ರಲ್ಲಿ ಅವರು ಬರೆದ 'ವಾಸನಾವಿಕೃತಿ' ಮಲಯಾಳದ ಮೊದಲ ಸಣ್ಣಕಥೆ ಎಂದು ಹೆಸರಾಗಿದೆ. ಕಥೆ ಹೇಳುವವನು ಒಬ್ಬ ಕಳ್ಳ. ತನ್ನ ಮರೆವಿನಿಂದಲೇ ಸಿಕ್ಕಿಬೀಳುತ್ತಾನೆ. ಒಬ್ಬ ಕೃಷಿಕ ಬರೆದ ಕಳ್ಳನ ಕಥೆಯಿಂದ ಒಂದು ಭಾಷೆಯ ಕಥಾಸಾಹಿತ್ಯ ಶುರುವಾಯಿತು ಎಂದರೆ ನನಗಂತೂ ಖುಷಿ. ಮುಂದೆ ಅದೇ ಭಾಷೆಯಲ್ಲಿ ಕೋಟ್ಟಯಂ ಪುಷ್ಪನಾಥ್ ಬಂದರು. ಅವರು ಶಾಲೆಯಲ್ಲಿ ಚರಿತ್ರೆಯ ಮಾಸ್ಟ್ರು. ಕುಳಿತಲ್ಲಿಂದಲೇ ಪುಸ್ತಕ ಓದಿ ಓದಿ ಪರದೇಶದ ಬೆಟ್ಟ, ಬೀದಿ, ಕೋಟೆಗಳನ್ನು ಕಣ್ಣಿಗೆ ಕಟ್ಟುವ ಹಾಗೆ ಬರೆದರು. 2018ರಲ್ಲಿ ತೀರಿಕೊಂಡರು.

ಕಡಲಾಚೆಯ ಅಗಾಥಾ ಕ್ರಿಸ್ಟಿಯ ಹೆಸರು ಟೀಚರುಗಳಿಗೆ ಗೊತ್ತಿರುತ್ತದೆ. 1890ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಹೆಂಗಸು. ಚಿಕ್ಕಂದಿನಲ್ಲಿ ಶಾಲೆಗೆ ಹೋಗದೆ ಮನೆಯಲ್ಲೇ ಕಲಿತವರು. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಮದ್ದು ಕೊಡುವ ಕೋಣೆಯಲ್ಲಿ ಕೆಲಸಕ್ಕಿದ್ದರು. ಅಲ್ಲಿ ಕಲಿತ ವಿಷದ ವಿದ್ಯೆಯಿಂದ ಮೊದಲ ಕಾದಂಬರಿ ಬರೆದರು. ಹಲವು ಪ್ರಕಾಶಕರು ಬೇಡವೆಂದ ಮೇಲೆ 1920ರಲ್ಲಿ ಅದು ಅಚ್ಚಾಯಿತು. ಔಷಧದವರ ಪತ್ರಿಕೆಯೇ ಅದನ್ನು ಹೊಗಳಿತು. ಆ ಕಥೆಯ ವಿಷ ಸ್ಟ್ರಿಕ್ನಿನ್. ಅದು ಸಿಗುವುದು ಕಾಸರಕನ ಬೀಜದಲ್ಲಿ. ನಮ್ಮ ಗುಡ್ಡೆಯಲ್ಲಿ ಬೆಳೆಯುವ ಅದೇ ಕಾಸರಕ! ಕಾಸರಗೋಡಿಗೆ ಹೆಸರು ಬಂದದ್ದೂ ಆ ಮರದಿಂದ ಎಂದು ಹೇಳುವವರುಂಟು.

ಆ ಅಮ್ಮನಿಗೆ ಬರೆಯಲು ಬೇರೆ ಕೋಣೆ ಅಂತ ಬಹಳ ಕಾಲ ಇರಲಿಲ್ಲವಂತೆ. ಅಲುಗಾಡದ ಒಂದು ಮೇಜು, ಒಂದು ಟೈಪ್‌ರೈಟರ್, ಅಷ್ಟೇ ಸಾಕು. ಹೊಳೆದದ್ದನ್ನು ಶಾಲಾ ಮಕ್ಕಳ ಹಾಗೆ ನೋಟ್‌ಬುಕ್ಕಿನಲ್ಲಿ ಗೀಚಿಡುವುದು. ಅದೇ ಪುಸ್ತಕದಲ್ಲಿ ಸಾಮಾನಿನ ಪಟ್ಟಿಯೂ ಇರುತ್ತಿತ್ತು. ಹೀಗೆ 66 ಪತ್ತೇದಾರಿ ಕಾದಂಬರಿ ಆಯಿತು. 1930ರಿಂದ ಅವರ ಕಾದಂಬರಿಗಳಲ್ಲಿ ಕಳ್ಳರನ್ನು ಹಿಡಿಯುವವಳು ಒಬ್ಬಳು ಹಳ್ಳಿಯ ಮುದುಕಿ, ಮಿಸ್ ಮಾರ್ಪಲ್. ಜಗಲಿಯಲ್ಲಿ ಕೂತು ಊರಿನ ಒಳಗುಟ್ಟೆಲ್ಲ ತಿಳಿದಿರುವ ನಮ್ಮ ಅಜ್ಜಿಯಂದಿರು ಇದ್ದಾರಲ್ಲ, ಅಂಥವಳು. ರಕ್ತದ ಹೊಳೆ ಹರಿಸದೆ, ಕೊಲೆಯ ಕಥೆಯನ್ನೂ ಮನೆಮಂದಿ ಓದುವ ಹಾಗೆ ಬರೆಯುವುದು ಒಂದು ಮರ್ಯಾದೆ. ನರಸಿಂಹಯ್ಯನವರ ಪುಸ್ತಕಗಳಲ್ಲಿ ನಾನು ಓದಿದವುಗಳೂ ಹಾಗೆಯೇ. ಅಕ್ಕತಂಗಿಯರ ಎದುರು ಗಟ್ಟಿಯಾಗಿ ಓದಲು ನಾಚಿಕೆಯಾಗುವಂಥದ್ದು ಇರಲಿಲ್ಲ.

ಆದರೆ ಇವರಿಬ್ಬರ ದುಡಿಮೆಗೆ ಸಿಕ್ಕಿದ ಫಲ ಮಾತ್ರ ಬೇರೆ ಬೇರೆ. ಕ್ರಿಸ್ಟಿಗೆ ಮನೆ ಮಠ ಆಯಿತು, ರಾಣಿಯಿಂದ ಬಿರುದು ಬಂತು. ನಾನೂರು ಪುಸ್ತಕದ ನರಸಿಂಹಯ್ಯನವರು ಕೊನೆಯ ವರೆಗೆ ಬಾಡಿಗೆ ಮನೆಯಲ್ಲಿದ್ದರು. ಯಾಕೆ ಹೀಗೆ? ಆಗಿನ ವ್ಯವಹಾರ ನೋಡಿದರೆ ಒಂದು ಕಾರಣ ತಿಳಿಯುತ್ತದೆ. ಇಂಥ ಪುಸ್ತಕವನ್ನು ಕೊಂಡು ಓದುವವರು ಕಡಿಮೆ, ಬಾಡಿಗೆಗೆ ಓದುವವರೇ ಹೆಚ್ಚು. ನಾವು ಹುಡುಗರಾಗಿದ್ದಾಗ ಪೇಟೆಯ ಬಾಡಿಗೆ ಲೈಬ್ರೆರಿಯಲ್ಲಿ ದಿನಕ್ಕೆ ಹತ್ತು ಪೈಸೆ. ಒಂದು ಪುಸ್ತಕ ನೂರು ಕೈ ದಾಟಿ, ಬೈಂಡು ಬಿಟ್ಟು, ಕೊನೆಯ ಪುಟ ಹರಿದು ಹೋಗುವ ವರೆಗೆ ಓಡುತ್ತಿತ್ತು. ಬರೆದವನಿಗೆ ಸಿಗುವುದು ಒಂದು ಪ್ರತಿಯ ಪಾಲು ಮಾತ್ರ. ಉಳಿದ ತೊಂಬತ್ತೊಂಬತ್ತು ಓದಿನ ಪೈಸೆ ಅವನ ಮನೆಗೆ ಬರುವ ದಾರಿಯೇ ಇರಲಿಲ್ಲ. ಅಡಿಕೆ ಬೆಳೆದವನಿಗೂ ಮಾರಿದವನಿಗೂ ಇರುವ ವ್ಯತ್ಯಾಸ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆ ನೂರು ಕೈಗಳು ಯಾರದ್ದು ಎಂಬುದು ನನ್ನ ಮುಖ್ಯ ಮಾತು. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಕಚೇರಿಯ ಕಾಗದ ಮಲಯಾಳವಾಯಿತು. ಮನೆಯಲ್ಲಿ ತುಳುವೋ ಬೇರೆ ಭಾಷೆಯೋ, ಪೇಟೆಯಲ್ಲಿ ಮಲಯಾಳ. ಅರ್ಧಕ್ಕೆ ಶಾಲೆ ಬಿಟ್ಟವರಿಗೆ ಕನ್ನಡ ಅಕ್ಷರದ ಕೆಲಸವೇ ಇಲ್ಲ. ಉಪಯೋಗಿಸದ ಕತ್ತಿಗೆ ತುಕ್ಕು ಹಿಡಿಯುವ ಹಾಗೆ ಅಕ್ಷರವೂ ಮರೆಯುತ್ತದೆ. ನಮ್ಮಲ್ಲಿ ಅನೇಕರಿಗೆ ಹಾಗೆ ಆಗದೆ ಇದ್ದದ್ದು ಯಕ್ಷಗಾನದಿಂದ ಮತ್ತು ಇಂಥ ಪುಸ್ತಕಗಳಿಂದ. ನನ್ನ ಬಾಯಲ್ಲಿ ಪಾಡ್ದನ ಇತ್ತು, ಅದಕ್ಕೆ ಅಕ್ಷರ ಬೇಡ. ಆದರೆ ಏಳನೆಯದ್ದಕ್ಕೆ ಶಾಲೆ ಬಿಟ್ಟ ನಾನು ಇವತ್ತು ಇದನ್ನು ಬರೆಯುತ್ತಿದ್ದರೆ, ಪುರುಷೋತ್ತಮ ಕಳ್ಳನನ್ನು ಹಿಡಿದನೋ ಇಲ್ಲವೋ ಎಂಬ ಕಾತರದಿಂದ ಚಿಮಿಣಿ ದೀಪದಲ್ಲಿ ಪುಟ ತಿರುಗಿಸಿದ್ದೇ ಕಾರಣ. ದೊಡ್ಡ ಕವಿಗಳು ಭಾಷೆಗೆ ಕಿರೀಟ ಇಟ್ಟರು, ನಿಜ. ನಾಲ್ಕನೇ ಕ್ಲಾಸಿನ ಈ ಮನುಷ್ಯ ಭಾಷೆಗೆ ಓದುಗರನ್ನು ಹುಟ್ಟಿಸಿದರು. ಓದುಗರಿಲ್ಲದೆ ಕಿರೀಟ ನೋಡುವವರು ಯಾರು?

ಈಗ ಆ ಪುಸ್ತಕಗಳು ಹುಡುಕಿದರೂ ಸಿಗುವುದಿಲ್ಲ. ಅಗ್ಗದ ಕಾಗದ, ಗೆದ್ದಲು, ನಮ್ಮ ಮಳೆ. ಲೈಬ್ರೆರಿಗಳಲ್ಲಿಯೂ ಕಪಾಟು ಖಾಲಿ ಮಾಡುವಾಗ ಮೊದಲು ಹೊರಗೆ ಹೋಗುವುದು ಇವೇ. ಆದ್ದರಿಂದ ಒಂದು ವಿನಂತಿ. ನಿಮ್ಮ ಅಟ್ಟದಲ್ಲಿ, ಹಳೆ ಪೆಟ್ಟಿಗೆಯಲ್ಲಿ, ಅಜ್ಜನ ಕಪಾಟಿನಲ್ಲಿ ಪತ್ತೇದಾರಿ ಪುಸ್ತಕ ಇದ್ದರೆ, ರಟ್ಟು ಇಲ್ಲದಿದ್ದರೂ ಚಿಂತೆ ಇಲ್ಲ, ತಂದು ವಾಚನಾಲಯಕ್ಕೆ ಕೊಡಿ. ಮಾಸ್ಟ್ರುಗಳು ಅದರೊಳಗೆ ಬರೆದಿರುವ ಹೆಸರು, ತಾರೀಕು, ಯಾವ ಪೇಟೆಯ ಸೀಲು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ನಮ್ಮ ಊರಿನಲ್ಲಿ ಯಾರು ಯಾರು ಕನ್ನಡ ಓದಿದರು ಎಂಬ ಚರಿತ್ರೆ ತಾನಾಗಿ ಸಿಗುತ್ತದೆ. ಬೈಂಡು ಹಾಕುವ ಖರ್ಚಿಗೆ ನನ್ನ ಪಾಲಿನದ್ದು ಈ ಸಲದ ಅಡಿಕೆ ಮಾರಿದ ಮೇಲೆ ಕೊಡುತ್ತೇನೆ.