ಮೀನಿನ ಮುಳ್ಳು ಚುಚ್ಚಿದಾಗ: ನೋವು ಮೆದುಳಿಗೆ ತಲುಪುವ ದಾರಿ

ತಿರುವನಂತಪುರದ ದಕ್ಷಿಣಕ್ಕಿರುವ ವಿಳಿಂಜಂನಲ್ಲಿ ಈಗ ದೊಡ್ಡ ಕಂಟೇನರ್ ಹಡಗುಗಳು ನಿಲ್ಲುತ್ತವೆ. ಅದರ ಪಕ್ಕದಲ್ಲೇ ಮೀನುಗಾರಿಕೆ ಬಂದರಿದೆ. ಇಂಥ ಕಡೆ ಬಲೆ ಬಿಡಿಸುವವರ ಕೈಗೆ ತೊರಕೆ ಮೀನಿನ ಬಾಲದ ಮುಳ್ಳು ಚುಚ್ಚುವ ಅಪಾಯ ಇದ್ದೇ ಇರುತ್ತದೆ; ನಮ್ಮ ಮಲ್ಪೆ, ಮಂಗಳೂರಿನ ಧಕ್ಕೆಗಳಲ್ಲೂ ಅಷ್ಟೇ. ಮಲಯಾಳಿಗಳು ಈ ಮೀನನ್ನು ತಿರಂಡಿ ಎನ್ನುತ್ತಾರೆ. ಗಾಯ ಸಣ್ಣದಿದ್ದರೂ ನೋವು ವಿಪರೀತವಾಗಿರಬಹುದು.

ಚರ್ಮದಲ್ಲಿ ಅಪಾಯವನ್ನು ಗುರುತಿಸುವ ನರತುದಿಗಳಿವೆ. ಮುಳ್ಳು ಚುಚ್ಚಿದೊಡನೆ ಎರಡು ಬಗೆಯ ನರತಂತುಗಳು ಸುದ್ದಿ ಒಯ್ಯುತ್ತವೆ. ಎ-ಡೆಲ್ಟಾ ತಂತುಗಳ ವೇಗ ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್. ಚುಳ್ಳೆನ್ನುವ ಮೊದಲ ನೋವು ಇವುಗಳದು. ಸಿ ತಂತುಗಳ ವೇಗ ಸೆಕೆಂಡಿಗೆ 2 ಮೀಟರ್ ಮೀರುವುದಿಲ್ಲ. ತಡವಾಗಿ ಬಂದು ಬಹಳ ಹೊತ್ತು ಉರಿಯುವ ನೋವು ಇವುಗಳಿಂದ. ಮೀನಿನ ವಿಷ ಮತ್ತು ಗಾಯಗೊಂಡ ಜೀವಕೋಶಗಳ ರಾಸಾಯನಿಕಗಳು ಆ ನರತುದಿಗಳನ್ನು ಇನ್ನಷ್ಟು ಕೆರಳಿಸುತ್ತವೆ. ಗಾಯದ ಸುತ್ತ ಮೆಲ್ಲನೆ ಮುಟ್ಟಿದರೂ ನೋಯುವುದು ಅದಕ್ಕೇ.

ಸುದ್ದಿ ನೇರವಾಗಿ ಮೆದುಳಿಗೆ ಹೋಗುವುದಿಲ್ಲ, ಮೊದಲು ಬೆನ್ನುಹುರಿಯಲ್ಲಿ ನಿಲ್ಲುತ್ತದೆ. ಅಲ್ಲಿ ಒಂದು ಬಾಗಿಲಿದೆ ಎಂಬ ಸಿದ್ಧಾಂತವನ್ನು ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಮುಂದಿಟ್ಟರು. ಮುಟ್ಟುವಿಕೆಯ ಸುದ್ದಿ ಬಂದರೆ ಬಾಗಿಲು ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಮೊಣಕಾಲು ತಗುಲಿದಾಗ ನಾವು ಉಜ್ಜಿಕೊಳ್ಳುವುದು ಸುಮ್ಮನೆ ಅಲ್ಲ. ಮೆದುಳೂ ಮೇಲಿನಿಂದ ಬಾಗಿಲನ್ನು ಬಿಗಿಮಾಡಬಲ್ಲದು, ಸಡಿಲಿಸಬಲ್ಲದು. ಭಯ, ನಿದ್ದೆಗೇಡು ಇದ್ದಾಗ ಅದೇ ಗಾಯ ಹೆಚ್ಚು ನೋಯುತ್ತದೆ. ಹಾಗೆಂದು ನೋವು ಬರೀ ಮನಸ್ಸಿನದು ಎಂದು ರೋಗಿಗೆ ಹೇಳುವುದು ತಪ್ಪು, ಕ್ರೂರವೂ ಹೌದು.

ಮುಳ್ಳು ಚುಚ್ಚಿದ ಕೈಕಾಲನ್ನು ತಾಳಬಲ್ಲಷ್ಟು ಬಿಸಿಯಾದ, 45 ಡಿಗ್ರಿ ಸೆಲ್ಸಿಯಸ್ ಮೀರದ ನೀರಿನಲ್ಲಿ 30ರಿಂದ 90 ನಿಮಿಷ ಇಟ್ಟರೆ ಅನೇಕರಿಗೆ ನೋವು ಇಳಿಯುತ್ತದೆ. ಬಿಸಿಗೆ ವಿಷದ ಪ್ರೋಟೀನು ಕೆಡುವುದು ಒಂದು ಕಾರಣವಿರಬಹುದು. ನೀರಿನ ಬಿಸಿಯನ್ನು ಗಾಯವಾಗದ ಕೈಯಿಂದಲೇ, ಸಾಧ್ಯವಾದರೆ ಜೊತೆಯವರು, ನೋಡಬೇಕು. ನೋವಿನಲ್ಲಿರುವ ಕಾಲಿಗೆ ಬಿಸಿ ಸರಿಯಾಗಿ ತಿಳಿಯದೆ ಸುಟ್ಟುಕೊಳ್ಳಬಹುದು. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು: ಮುಳ್ಳಿನ ಚೂರು ಒಳಗೆ ಉಳಿದಿರಬಹುದು, ಟೆಟನಸ್ ಚುಚ್ಚುಮದ್ದು ಬೇಕಾಗಬಹುದು. ಎದೆ, ಹೊಟ್ಟೆ ಅಥವಾ ಕುತ್ತಿಗೆಗೆ ನಾಟಿದ ಮುಳ್ಳನ್ನು ಮಾತ್ರ ಕೀಳದೆ ತಕ್ಷಣ ಕರೆದೊಯ್ಯಿರಿ.

ಇಂಥ ನೋವು ಗಾಯ ಮಾಯುವಾಗ ಹೋಗುತ್ತದೆ. ಕ್ಯಾನ್ಸರ್‌ನ ಗಡ್ಡೆ ಒತ್ತುವಾಗ, ಸಕ್ಕರೆ ಕಾಯಿಲೆಯಿಂದ ನರ ಹಾಳಾದಾಗ ಹಾಗಲ್ಲ. ದಿನವೂ ಬರುವ ಸುದ್ದಿಗೆ ಬೆನ್ನುಹುರಿಯ ಕೋಶಗಳು ಹೆಚ್ಚು ಸೂಕ್ಷ್ಮವಾಗಿ, ಕಡಿಮೆ ಪ್ರಚೋದನೆಗೂ ಕೂಗುತ್ತವೆ. ಸಹಿಸಿದಷ್ಟೂ ಅಭ್ಯಾಸವಾಗುತ್ತದೆ ಎಂಬ ಮನೆಮಾತು ಇಲ್ಲಿ ನಡೆಯುವುದಿಲ್ಲ.

ಮಾರ್ಫಿನ್ ಕೆಲಸ ಮಾಡುವುದು ನಮ್ಮ ದೇಹದ್ದೇ ಎಂಡಾರ್ಫಿನ್‌ಗಳು ಕೂರುವ ಜಾಗಗಳಲ್ಲಿ, ಬೆನ್ನುಹುರಿ ಮತ್ತು ಮೆದುಳಿನಲ್ಲಿ. ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ನೋವು ಶಮನ ಚಿಕಿತ್ಸಾಲಯ ಆರಂಭಿಸಿದವರಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಒಬ್ಬರು. ಅವರು 2003ರಲ್ಲಿ ಪ್ಯಾಲಿಯಂ ಇಂಡಿಯಾ ಸ್ಥಾಪಿಸಿದರು. ಅದರ ನೆಲೆ ತಿರುವನಂತಪುರ. ಕೇರಳ ಸರ್ಕಾರ 2008ರಲ್ಲಿ ಉಪಶಾಮಕ ಆರೈಕೆ ನೀತಿ ತಂದಿತು. 1985ರ ಮಾದಕ ವಸ್ತು ಕಾಯಿದೆಗೆ 2014ರಲ್ಲಿ ತಿದ್ದುಪಡಿಯಾಗಿ ವೈದ್ಯಕೀಯ ಬಳಕೆಯ ಮಾರ್ಫಿನ್ ಪಡೆಯುವ ನಿಯಮಗಳು ಸರಳವಾದವು.

ಆರೈಕೆ ಮಾಡುವವರು ನೋವನ್ನು 0ರಿಂದ 10ರೊಳಗೆ ಎಷ್ಟೆಂದು ರೋಗಿಯನ್ನೇ ಕೇಳಿ, ಹೊತ್ತಿನೊಂದಿಗೆ ಬರೆದಿಡಿ. ಮಾರ್ಫಿನ್ ಗುಳಿಗೆ ಬರೆದುಕೊಟ್ಟಿದ್ದರೆ ಹೇಳಿದ ಹೊತ್ತಿಗೆ ಕೊಡಿ, ನೋವು ಮರುಕಳಿಸುವವರೆಗೆ ಕಾಯಬೇಡಿ. ಮಲಬದ್ಧತೆ ಬಹುತೇಕ ಎಲ್ಲರಿಗೂ ಆಗುವುದರಿಂದ ಅದಕ್ಕೂ ಔಷಧಿ ಕೇಳಿ. ಎಬ್ಬಿಸಿದರೂ ಏಳದಷ್ಟು ಮಂಪರು ಅಥವಾ ನಿಧಾನವಾದ ಉಸಿರು ಕಂಡರೆ ಮುಂದಿನ ಗುಳಿಗೆ ಕೊಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.